ಹಾಡ್ತಾ ಹಾಡ್ತಾ ರಾಗ

‘ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ.’ ಈ ಗಾದೆಯ ಮೊದಲರ್ಧವನ್ನಷ್ಟೇ ಹೇಳಿ ಹುಡುಗರನ್ನು ಹುರಿದುಂಬಿಸುವುದು ವಾಡಿಕೆ. ಬರೆಯಲು ಕೂತು ‘ನನ್ನ ಕೈಲಿ ಆದೀತೇ’ ಎಂದು ಕುಗ್ಗುವವರಿಗೆ ಉಳಿದರ್ಧವೇ ಹೆಚ್ಚು ಬೇಕಾದದ್ದು. ಹಾಡು ರೂಢಿಯಿಂದ ಬಲಿಯುತ್ತದೆ, ನರಳಿಕೆಯೂ ಹಾಗೆಯೇ. ‘ನನಗೆ ಬರೆಯಲು ಬರುವುದಿಲ್ಲ’ ಎಂದು ದಿನವೂ ಅಂದುಕೊಂಡರೆ ಆ ಮಾತೇ ಮೈಗೂಡಿಬಿಡುತ್ತದೆ.

ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಂಥ ಊರುಗಳಲ್ಲಿ ಭಜನೆ ಕಲಿಯುವ ಬಗೆಯನ್ನು ನೆನೆದರೆ ಗಾದೆ ಬಿಚ್ಚಿಕೊಳ್ಳುತ್ತದೆ. ಹೊಸಬ ಹಿಮ್ಮೇಳದಲ್ಲಿ ಕೂಡುತ್ತಾನೆ. ಮುಂದಿನವರು ಎತ್ತಿಕೊಟ್ಟ ಸಾಲನ್ನು ಎಲ್ಲರ ಜೊತೆ ಹಿಡಿಯುತ್ತಾನೆ. ತಾಳ ತಪ್ಪಿದರೆ ಪಕ್ಕದವರ ಕೈ ನೋಡಿ ಸರಿಪಡಿಸಿಕೊಳ್ಳುತ್ತಾನೆ. ರಾಗ ಕಲಿತ ಮೇಲೆ ಬಾ ಎಂದು ಯಾರೂ ಅವನನ್ನು ಹೊರಗೆ ನಿಲ್ಲಿಸುವುದಿಲ್ಲ. ಹಾಡುತ್ತ ಹೋದಂತೆ, ತನ್ನ ಸ್ವರ ಜಾರಿದ್ದು ಒಂದು ದಿನ ಅವನಿಗೇ ಕೇಳಿಸುತ್ತದೆ. ಎಷ್ಟೋ ಮಂದಿ ಹೆದರಿ ಬಿಟ್ಟುಬಿಡುವುದು ಈ ಘಟ್ಟದಲ್ಲೇ. ಆದರೆ ಅಲ್ಲಿ ಆಗಿರುವುದು ಇಷ್ಟು: ಗಂಟಲಿಗಿಂತ ಮೊದಲು ಕಿವಿ ಪಳಗಿದೆ. ಬರೆಯುವವರ ಅಳುಕೂ ಬಹುಮಟ್ಟಿಗೆ ಇಂಥದೇ. ಓದಿ ಓದಿ ರುಚಿ ಮುಂದೆ ಹೋಗಿದೆ, ಕೈ ಹಿಂದುಳಿದಿದೆ. ನಿನ್ನೆ ಬರೆದ ಪುಟ ಇಂದು ಸಪ್ಪೆ ಎನಿಸಿದರೆ, ಸಪ್ಪೆಯಾದ ಸಾಲು ಯಾವುದೆಂದು ಹುಡುಕಿ ತಿದ್ದುವುದು ಕಸುಬು. ‘ನಾನೇ ಸಪ್ಪೆ’ ಎಂದು ಕೈಚೆಲ್ಲುವುದು ನರಳಿಕೆ.

ಹಾಗೆ ಕೈಚೆಲ್ಲದವರೂ ಇದ್ದಾರೆ. ಪಕ್ಕದ ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ 1896ರಲ್ಲಿ ಹುಟ್ಟಿದ ಶಂ.ಬಾ. ಜೋಶಿ ಶಾಲೆಯ ಮಾಸ್ತರರು. ಕಾಲೇಜಿನ ಪದವಿ ಪಡೆದವರಲ್ಲ. ಅಳುಕಲು ಕಾರಣ ಬೇಕಿದ್ದರೆ ಅದೊಂದೇ ಸಾಕಿತ್ತು. ಆದರೂ ಬರೆದರು; ಅವರ ಪುಸ್ತಕ ‘ಕಣ್ಮರೆಯಾದ ಕನ್ನಡ’ ಬಂದದ್ದು 1933ರಲ್ಲಿ. ಕನ್ನಡಿಗರ ಮೂಲ ಯಾವುದೆಂಬ ಪ್ರಶ್ನೆಯನ್ನು ಅವರು ಅಲ್ಲಿಗೇ ಕೈಬಿಡಲಿಲ್ಲ, ದಶಕಗಳ ಕಾಲ ಬೆನ್ನುಹತ್ತಿದರು. ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಾಗ 1970, ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ 1981ರಲ್ಲಿ. ನಡುವಿನ ಅಷ್ಟೂ ವರ್ಷಗಳೇ ನನಗೆ ಆ ಗೌರವಗಳಿಗಿಂತ ದೊಡ್ಡವಾಗಿ ಕಾಣುತ್ತವೆ.

ಇನ್ನೊಂದು ಮಾತು. ಒಬ್ಬನೇ ಕೂತು ಹಾಡು ಎಂದು ಗಾದೆ ಹೇಳಿಲ್ಲ. ಧಾರವಾಡದಲ್ಲಿ ಬೇಂದ್ರೆ, ಬೆಟಗೇರಿ ಕೃಷ್ಣಶರ್ಮ ಮೊದಲಾದವರಿಗೆ ‘ಗೆಳೆಯರ ಗುಂಪು’ ಇತ್ತು. ಸಾಲಹಳ್ಳಿಯಲ್ಲಿ ಇಂದು ಕತೆ ಬರೆಯುವ ಹುಡುಗಿಗೂ ಇಬ್ಬರು ಮೂವರು ಬೇಕು. ಹೊಗಳುವವರೇ ಆಗಬೇಕಿಲ್ಲ, ಅವಳು ಗಟ್ಟಿಯಾಗಿ ಓದುವಾಗ ಕೂತು ಕೇಳಿ, ಯಾವ ಸಾಲಿನಲ್ಲಿ ತಾಳ ತಪ್ಪಿತೆಂದು ಹೇಳಿ, ಮರುದಿನ ಮತ್ತೆ ಕೇಳಲು ಬರುವವರಾದರೆ ಆಯಿತು.