ಆಯಿಯ ಪುತಳಿ, ರೋಮಿನ ಬಂಗಾರ

ಎಂಟನೆಯ ಇಯತ್ತೆಗೆ ಸಮಾಜ ವಿಜ್ಞಾನ ಕಲಿಸುವವರಿಗೆ ವರ್ಷಕ್ಕೊಮ್ಮೆ ರೋಮ್‌ಗೆ ಹೋಗಿ ಬರುವ ಯೋಗ ಇದ್ದೇ ಇದೆ. ಟಿಕೀಟು ಬೇಡ, ಪಾಸ್‌ಪೋರ್ಟು ಬೇಡ. ಗ್ರೀಕರನ್ನು ಮುಗಿಸಿ, ಎರಡು ಪಿರಿಯಡ್ಡಿನಲ್ಲಿ ರೋಮ್ ಹುಟ್ಟಿ, ಬೆಳೆದು, ಬಿದ್ದೂ ಹೋಗುತ್ತದೆ. ಕೊನೆಗೆ ಉಳಿಯುವುದು ಪರೀಕ್ಷೆಗೆ ಬರುವ ಆ ಒಂದು ಪ್ರಶ್ನೆ: ರೋಮನ್ನರ ಕೊಡುಗೆಗಳನ್ನು ತಿಳಿಸಿರಿ. ಹುಡುಗಿಯರು ಮಗ್ಗಿ ಹೇಳಿದಂತೆ ಹೇಳುತ್ತಾರೆ: ಕಾನೂನು, ರಸ್ತೆ, ಕಮಾನು, ಲ್ಯಾಟಿನ್ ಭಾಷೆ, ಕ್ಯಾಲೆಂಡರು. ನಾನು ಕೈ ಮಾಡಿ ಗೋಡೆಯ ಗಡಿಯಾರ ತೋರಿಸುತ್ತೇನೆ, ಅದರ ಅಂಕಿಗಳು ರೋಮನ್ನರವು. ಬಾಗಿಲ ಮೇಲೆ ಬಣ್ಣದಲ್ಲಿ ಬರೆದ ತರಗತಿಯ ಅಂಕಿಯೂ ಅವರದೇ. ಜುಲೈ ಜೂಲಿಯಸ್ ಸೀಸರನ ತಿಂಗಳು, ಆಗಸ್ಟ್ ಅಗಸ್ಟಸ್ ಚಕ್ರವರ್ತಿಯ ತಿಂಗಳು. ನಾವು ಸ್ವಾತಂತ್ರ್ಯದ ಧ್ವಜ ಹಾರಿಸುವ ದಿನವೂ ಆ ಪುಣ್ಯಾತ್ಮನ ಹೆಸರು ಬಿಟ್ಟಿಲ್ಲ ನೋಡಿ.

ಒಂದು ವರ್ಷ ಹೀಗೆ ಹೇಳುತ್ತಿರುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಅಕ್ಕೋರ, ಅವರು ನಮಗ ಇಷ್ಟೆಲ್ಲಾ ಕೊಟ್ಟಾರಂದ್ರ, ನಾವು ಅವರಿಗೆ ಏನ್ ಕೊಟ್ಟೀವ್ರಿ?"

"ಮೆಣಸು" ಅಂದೆ.

ಕ್ಲಾಸೆಲ್ಲ ನಕ್ಕಿತು. ಆದರೆ ಅದು ನಗುವ ಮಾತಲ್ಲ. ನಮ್ಮ ಪಶ್ಚಿಮ ಘಟ್ಟದ ಕರಿಮೆಣಸು ಕೇರಳದ ಮುಜಿರಿಸ್ ಬಂದರಿನಿಂದ ಹಡಗು ಹತ್ತಿ, ಕೆಂಪು ಸಮುದ್ರ ದಾಟಿ, ಈಜಿಪ್ಟಿನ ಮೇಲೆ ಹಾಯ್ದು ರೋಮಿನ ಅಡಿಗೆಮನೆ ಸೇರುತ್ತಿತ್ತು. ಜೊತೆಗೆ ಮುತ್ತು, ತೆಳು ಅರಿವೆ, ಹರಳು. ಬದಲಿಗೆ ಅಲ್ಲಿಂದ ಬರುತ್ತಿದ್ದದ್ದು ಹೆಚ್ಚಾಗಿ ಬೆಳ್ಳಿ, ಬಂಗಾರದ ನಾಣ್ಯ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ತೀರಿಕೊಂಡ ಪ್ಲಿನಿ ಎಂಬ ಪಂಡಿತ ಈ ಲೆಕ್ಕ ಇಟ್ಟಿದ್ದಾನೆ. ಭಾರತವೊಂದೇ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್‌ಗೆ ಕಡಿಮೆಯಿಲ್ಲದಷ್ಟು ಹಣ ಎಳೆದುಕೊಳ್ಳುತ್ತದೆ, ಭಾರತ, ಚೀನ, ಅರಬಸ್ಥಾನ ಕೂಡಿದರೆ ಹತ್ತು ಕೋಟಿ. ಸೆಸ್ಟರ್ಸ್ ಎಂದರೆ ಅವರ ನಾಣ್ಯ. ಇಷ್ಟು ಹೇಳಿ ಸುಮ್ಮನಿದ್ದರೆ ಆತ ಒಳ್ಳೆಯ ಲೆಕ್ಕಿಗನೆಂದು ನಾನೂ ಒಪ್ಪುತ್ತಿದ್ದೆ. ಆದರೆ ಕೊನೆಗೆ ಒಂದು ಒಗ್ಗರಣೆ ಹಾಕಿದ್ದಾನೆ: ನಮ್ಮ ಭೋಗ, ನಮ್ಮ ಹೆಂಗಸರು ನಮಗೆ ಬೀಳುವ ಬೆಲೆ ಇದು, ಎಂಬರ್ಥದ ಮಾತು. ಅಲ್ಲ, ಮೆಣಸು ಹಾಕಿದ ಅಡಿಗೆಯನ್ನು ಅಲ್ಲಿಯ ಗಂಡಸರು ಉಣ್ಣುತ್ತಿರಲಿಲ್ಲವೇ? ಮೆಣಸಿನಲ್ಲಿ ಖಾರ ಬಿಟ್ಟು ಮತ್ತೇನಿದೆ, ಇದನ್ನು ಜನ ಯಾಕೆ ಮೆಚ್ಚುತ್ತಾರೋ ಎಂದು ಆಶ್ಚರ್ಯಪಟ್ಟವನೂ ಇದೇ ಪ್ಲಿನಿಯೇ!

ಹಾಗೆ ಬಂದ ನಾಣ್ಯಗಳು ನಮ್ಮ ಕರ್ನಾಟಕದ ಮಣ್ಣಿನಲ್ಲೂ ಸಿಕ್ಕಿವೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ, 1965ರಲ್ಲಿ ಎಚ್.ಎ.ಎಲ್. ಪ್ರದೇಶದಲ್ಲಿ ಬೆಳ್ಳಿಯ ರೋಮನ್ ನಾಣ್ಯಗಳ ಗಂಟೇ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಎಂ.ಎಚ್. ಕೃಷ್ಣ ಅವರು, ಆಮೇಲೆ 1947ರಲ್ಲಿ ವೀಲರ್ ಅವರು ಅಗೆಸಿದ ಕಥೆ ಇತಿಹಾಸ ಓದಿದವರಿಗೆಲ್ಲ ಗೊತ್ತು. ನನಗೆ ಇವೆಲ್ಲಕ್ಕಿಂತ ಹತ್ತಿರದ್ದು ಅಕ್ಕಿಆಲೂರು. 1997ರವರೆಗೆ ನಮ್ಮದೇ ಧಾರವಾಡ ಜಿಲ್ಲೆಯಲ್ಲಿದ್ದು, ಈಗ ಹಾವೇರಿಗೆ ಸೇರಿದ ಊರು. ಅಲ್ಲಿ ಸಿಕ್ಕ ನಿಧಿಯಲ್ಲಿ ಕಡೆಗಾಲದ ರೋಮ್ ಮತ್ತು ಬೈಜಾಂಟಿಯಂ ದೊರೆಗಳ ಬಂಗಾರದ ನಾಣ್ಯಗಳಿದ್ದವು. ದಕ್ಷಿಣ ಭಾರತದಲ್ಲಿ ಸಿಕ್ಕ ಆ ಕಾಲದ ಬಂಗಾರದ ನಾಣ್ಯಗಳಲ್ಲಿ ಒಂದು ವಿಶೇಷ ಉಂಟು. ಬಹಳಷ್ಟಕ್ಕೆ ದೊರೆಯ ತಲೆಯ ಮೇಲ್ಭಾಗದಲ್ಲಿ ಎರಡು ಸಣ್ಣ ತೂತು ಕೊರೆದಿರುತ್ತಾರೆ. ದಾರ ಪೋಣಿಸಿದರೆ ಮುಖ ನೆಟ್ಟಗೆ ನಿಲ್ಲಬೇಕು, ಕೆಡಬಾರದು.

ಯಾರ ಕೊರಳಿಗೆ, ಯಾವ ದೇವರಿಗೆ ಪೋಣಿಸಿದರೋ. ಆದರೆ ಆ ಎರಡು ತೂತಿನ ಸಂಗತಿ ಓದಿದ ರಾತ್ರಿ ನನಗೆ ನಮ್ಮ ಆಯಿಯ ಪುತಳಿ ಸರ ನೆನಪಾಗಿ ನಿದ್ದೆ ಬರಲಿಲ್ಲ.

ಆಯಿ ಅಂದರೆ ನಮ್ಮವ್ವನ ಅವ್ವ. ನವಲಗುಂದ ಕಡೆಯ ಕರಿನೆಲದ ಹಳ್ಳಿ. ಅವಳ ಕೊರಳಲ್ಲಿ ಇಪ್ಪತ್ತೆರಡು ಪುತಳಿ ಇದ್ದವಂತೆ. ಪುತಳಿ ಎಂದರೆ ಏನೆಂದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಹೇಳಬೇಕಿಲ್ಲ. ಆದರೆ ಅದರ ಮೂಲ ಇಟಲಿಯ ವೆನಿಸ್ ಪಟ್ಟಣದ ಬಂಗಾರದ ನಾಣ್ಯವೆಂದು ಎಷ್ಟು ಜನರಿಗೆ ಗೊತ್ತೋ. ಅದರ ಮೇಲಿದ್ದ ಎರಡು ಆಕೃತಿ ಅಲ್ಲಿಯ ದೊರೆ ಮತ್ತು ಒಬ್ಬ ಕ್ರೈಸ್ತ ಸಂತ, ಸುತ್ತಲೂ ಲ್ಯಾಟಿನ್ ಅಕ್ಷರ. ನಮ್ಮ ಪತ್ತಾರರು ಅದನ್ನೇ ನೋಡಿ ಇಲ್ಲಿ ಹೊಯ್ಯುತ್ತ ಹೋದರು. ಅಕ್ಷರ ಬರಬರುತ್ತ ಬರೀ ಗೀಟಾಯಿತು. ಆಯಿ ಮಾತ್ರ ಅವು ರಾಮ–ಸೀತೆ ಎಂದೇ ನಂಬಿದ್ದಳು. ರೋಮನ್ನರ ಭಾಷೆ ಒಬ್ಬ ಒಕ್ಕಲಗಿತ್ತಿಯ ಎದೆಯ ಮೇಲೆ ಓದಲಾರದ ಗೀಟಾಗಿ ಮಲಗಿತ್ತು. ಇದನ್ನು ಯಾವ ಪಠ್ಯಪುಸ್ತಕದ ಕೊಡುಗೆಗಳ ಪಟ್ಟಿಯಲ್ಲಿ ಸೇರಿಸಬೇಕು?

1962ರ ಚೀನಾ ಯುದ್ಧದ ಹೊತ್ತಿಗೆ ಅವ್ವನಿಗೆ ಹನ್ನೆರಡು ವರ್ಷ. ರಕ್ಷಣಾ ನಿಧಿಗೆ ಬಂಗಾರ ಕೊಡಿರೆಂದು ಎಲ್ಲ ಕಡೆ ಕರೆ ಬಂದಿತ್ತು. ಇವರ ಊರಲ್ಲೂ ಸಾಲಿಯ ಮುಂದೆ ಸಭೆ ಸೇರಿತು. ಅಜ್ಜ ಊರಿನ ನಾಲ್ಕು ಜನರಲ್ಲಿ ಒಬ್ಬ. ಎದ್ದು ನಿಂತು, ನಮ್ಮ ಮನೆಯಿಂದ ಪುತಳಿ ಸರ ಎಂದು ಸಾರಿಬಿಟ್ಟ. ಚಪ್ಪಾಳೆಯೂ ಬಿತ್ತು. ಹೆಂಗಸರ ಗುಂಪಿನಲ್ಲಿದ್ದ ಆಯಿ ಮುಂದೆ ಬಂದಳು. ಅಲ್ಲೇ ಕುಳಿತು ದಾರ ಬಿಚ್ಚಿ ಎರಡೇ ಎರಡು ಪುತಳಿ ತೆಗೆದು ಮೇಜಿನ ಮೇಲಿಟ್ಟು, "ಕೇಳಿದ್ರ ಕೊಡತೇನಿ, ಕಸಗೊಂಡ್ರ ಕೊಡೂದಿಲ್ಲ" ಅಂದು ಉಳಿದದ್ದನ್ನು ಉಡಿಯಲ್ಲಿ ಕಟ್ಟಿಕೊಂಡು ಮನೆಗೆ ನಡೆದಳು. ಅಜ್ಜ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ. ದೇಶಕ್ಕಿಂತ ಬಂಗಾರ ದೊಡ್ಡದಾಯಿತೇನು ಈಕೆಗೆ, ಎಂದು ಊರೂ ಆಡಿಕೊಂಡಿತು.

ಮರುವರ್ಷ, 1963ರ ಜನವರಿಯಲ್ಲಿ, ಮೊರಾರ್ಜಿ ದೇಸಾಯಿಯವರು ಹಣಕಾಸು ಮಂತ್ರಿಯಾಗಿದ್ದಾಗ ಬಂಗಾರ ನಿಯಂತ್ರಣದ ನಿಯಮ ಬಂತು. ಹದಿನಾಲ್ಕು ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧದ ಹೊಸ ದಾಗೀನು ಮಾಡುವಂತಿರಲಿಲ್ಲ. ಹೆಂಗಸರ ಆಸೆ ಕಡಿಮೆಯಾಗಲಿಲ್ಲ. ಪತ್ತಾರರ ಕುಲುಮೆ ಮಾತ್ರ ಆರಿತು. ಆಯಿಯ ಮನೆಯ ಎದುರಿನ ಪತ್ತಾರ ಅಗ್ಗಿಷ್ಟಿಗೆ ಮೂಲೆಗಿಟ್ಟು ಕಡಲೆ ಕೀಳಲು ಕೂಲಿಗೆ ಹೋದನೆಂದು ಅವ್ವ ಹೇಳುತ್ತಿದ್ದಳು. 1968ರಲ್ಲಿ ಅದು ಕಾಯಿದೆಯೇ ಆಯಿತು, ರದ್ದಾದದ್ದು 1990ರಲ್ಲಿ.

ಈ ಕಥೆ ರೋಮಿನಲ್ಲಿ ಎರಡು ಸಾವಿರ ವರ್ಷ ಮೊದಲೇ ನಡೆದಿತ್ತೆಂದರೆ ನಂಬುತ್ತೀರಾ? ಕ್ರಿ.ಪೂ. 216ರಲ್ಲಿ ಹ್ಯಾನಿಬಲ್ ಕ್ಯಾನೆ ಎಂಬಲ್ಲಿ ರೋಮನ್ ಸೈನ್ಯವನ್ನು ನುಚ್ಚುನೂರು ಮಾಡಿದ. ಮರುವರ್ಷವೇ ಓಪಿಯನ್ ಕಾಯಿದೆ ಬಂತು. ಯಾವ ಹೆಂಗಸೂ ಅರ್ಧ ಔನ್ಸಿಗಿಂತ ಹೆಚ್ಚು ಬಂಗಾರ ಇಟ್ಟುಕೊಳ್ಳುವಂತಿಲ್ಲ, ಬಣ್ಣದ ಸೀರೆ, ಕ್ಷಮಿಸಿ, ಬಣ್ಣದ ಉಡುಪು ಉಡುವಂತಿಲ್ಲ, ಪಟ್ಟಣದಲ್ಲಿ ಗಾಡಿ ಏರುವಂತಿಲ್ಲ. ಪೂಜೆ ಪುನಸ್ಕಾರಕ್ಕೆ ಮಾತ್ರ ವಿನಾಯಿತಿ. ಅವರ ಅರ್ಧ ಔನ್ಸು ನಮ್ಮ ಒಂದು ತೊಲಿಗಿಂತ ತುಸು ಹೆಚ್ಚು, ಅಷ್ಟೇ. ಯುದ್ಧ ಮುಗಿದು ಗಂಡಸರ ಸಿರಿ ಮರಳಿ ಬಂದರೂ ಈ ಕಾಯಿದೆ ಉಳಿದೇ ಇತ್ತು. ಕ್ರಿ.ಪೂ. 195ರಲ್ಲಿ ಅದನ್ನು ತೆಗೆಯುವ ಮಾತು ಬಂದಾಗ ರೋಮಿನ ಹೆಂಗಸರು ಬೀದಿಗಿಳಿದರು. ಸುತ್ತಲಿನ ಊರುಗಳಿಂದಲೂ ಬಂದರು. ಅಡ್ಡಗಾಲು ಹಾಕಿದ್ದ ಅಧಿಕಾರಿಗಳ ಮನೆಯ ಬಾಗಿಲಿಗೆ ಮುತ್ತಿಗೆ ಹಾಕಿ, ಕಾಯಿದೆ ರದ್ದು ಮಾಡಿಸಿದರು.

ಆಗ ವಿರುದ್ಧ ಮಾತಾಡಿದವನು ಕೇಟೊ, ಆ ವರ್ಷದ ಕಾನ್ಸಲ್. ಅವನ ಭಾಷಣವನ್ನು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಲಿವಿ ಬರೆದದ್ದು, ಅಂದರೆ ಬಹುಮಟ್ಟಿಗೆ ಲಿವಿಯ ಮಾತೇ ಇರಬೇಕು. ಮನೆಯಲ್ಲಿ ಹೆಂಡತಿಯನ್ನು ಹದ್ದಿನಲ್ಲಿಡಲಾರದ್ದಕ್ಕೆ ಬೀದಿಯಲ್ಲಿ ಇದನ್ನು ನೋಡಬೇಕಾಯಿತು, ಸರಿಸಮ ಮಾಡಿದರೆ ನಾಳೆ ತಲೆ ಮೇಲೆ ಕೂಡುತ್ತಾರೆ ಎಂಬ ಧಾಟಿ. ಹೆಂಗಸರ ಪರ ಮಾತಾಡಿದವನು ವಲೇರಿಯಸ್. ಅವರಿಗೆ ಅಧಿಕಾರವಿಲ್ಲ, ಪೌರೋಹಿತ್ಯವಿಲ್ಲ, ವಿಜಯೋತ್ಸವವಿಲ್ಲ; ಅಲಂಕಾರವೇ ಅವರ ಪದವಿ, ಅದನ್ನಾದರೂ ಬಿಡಿ ಎಂದ. ಮೊದಲ ಸಲ ಓದಿದಾಗ ಎಷ್ಟು ಒಳ್ಳೆಯವನಪ್ಪಾ ಎನಿಸಿತ್ತು. ಎರಡನೆಯ ಸಲ ಓದಿದಾಗ ಇವನೂ ಕೇಟೊನ ದೂರದ ಬೀಗನೇ ಅನಿಸಿತು. ಕೂಸಿಗೆ ಗಿಲಿಗಿಲಿ ಕೊಟ್ಟು ಕೂಡಿಸಿದ ಹಾಗೆ. ನಮ್ಮ ಆಯಿ ಪುತಳಿಯನ್ನು ಅಲಂಕಾರಕ್ಕೆ ಹಾಕಿಕೊಂಡಿರಲಿಲ್ಲ. ಹೊಲದ ಉತಾರೆಯಲ್ಲಿ ಅವಳ ಹೆಸರಿಲ್ಲ, ಮನೆ ಅವಳ ಹೆಸರಿಗಿಲ್ಲ, ಬ್ಯಾಂಕಿನ ಪುಸ್ತಕದ ಮಾತು ದೂರ. ಅವಳದೆಂದು ಹೇಳಬಹುದಾದದ್ದು ಕೊರಳಲ್ಲಿದ್ದ ಆ ದಾರವೊಂದೇ.

ನನಗೆ ಮನಸ್ಸಿಗೆ ಬಂದವಳು ಹೋರ್ಟೆನ್ಸಿಯಾ. ಕ್ರಿ.ಪೂ. 42ರಲ್ಲಿ ರೋಮನ್ನಾಳುತ್ತಿದ್ದ ಮೂವರು ತಮ್ಮ ಯುದ್ಧಕ್ಕೆ ಹಣ ಸಾಲದೆ 1400 ಶ್ರೀಮಂತ ಹೆಂಗಸರ ಮೇಲೆ ತೆರಿಗೆ ಹೇರಿದರು. ಆ ಮೂವರಲ್ಲಿ ಒಬ್ಬ ಮುಂದೆ ಅಗಸ್ಟಸ್ ಆದವನು, ನಮ್ಮ ಆಗಸ್ಟ್ ತಿಂಗಳಿನವನೇ. ಹೋರ್ಟೆನ್ಸಿಯಾ ನಡು ಪೇಟೆಯ ಸಭೆಯಲ್ಲಿ ನಿಂತು ಕೇಳಿದಳಂತೆ: ಆಳುವುದರಲ್ಲಿ ನಮಗೆ ಪಾಲಿಲ್ಲ, ತೆರಿಗೆಯಲ್ಲಿ ಮಾತ್ರ ಯಾಕೆ? ಕಾರ್ಥೇಜಿನ ಯುದ್ಧಕ್ಕೆ ನಮ್ಮ ಅಜ್ಜಿಯರು ತಾವಾಗಿ ಒಡವೆ ಕೊಟ್ಟರು, ಯಾರೂ ಬೆದರಿಸಿ ಕಸಿದುಕೊಂಡದ್ದಲ್ಲ. ಮರುದಿನ 1400 ಹೋಗಿ 400 ಆಯಿತು. ಇದನ್ನು ಓದಿ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕುಳಿತೆ. ಸಾಲಿ ಕಲಿಯದ ಆಯಿ ಅದೇ ಮಾತನ್ನು ನಾಲ್ಕು ಶಬ್ದದಲ್ಲಿ ಹೇಳಿ ಎದ್ದು ಹೋಗಿದ್ದಳಲ್ಲ!

ಆ ಇಪ್ಪತ್ತು ಪುತಳಿ ಆಮೇಲೆ ಒಂದೊಂದಾಗಿ ದಾರ ಬಿಟ್ಟವು. ಸೋದರಮಾವನ ಬಾವಿಗೆ ಕೆಲವು, ಬರ ಬಿದ್ದ ವರ್ಷ ಜೋಳಕ್ಕೆ ಕೆಲವು, ಅವ್ವನ ಬಾಣಂತನಕ್ಕೆ ಎರಡು. ಕೇಳಿದವರಿಗೆ ಕೊಟ್ಟಳು. 1991ರಲ್ಲಿ ಬಿ.ಎ. ಮುಗಿಸಿ ನಾನು ಬಿ.ಎಡ್. ಮಾಡುತ್ತೇನೆಂದಾಗ ಅಪ್ಪ ಮದುವೆಗೆ ಕೂಡಿಟ್ಟ ಹಣ ಮುಟ್ಟುವುದಿಲ್ಲವೆಂದ. ಆಯಿ ಹುಬ್ಬಳ್ಳಿಗೆ ಬಂದು, ನನ್ನ ಕೈ ಹಿಡಿದು ಸರಾಫರ ಅಂಗಡಿಗೆ ಹೋಗಿ ಮೂರು ಪುತಳಿ ತೂಗಿಸಿದಳು. ನಾನಿಂದು ಅಕ್ಕೋರು ಅನ್ನಿಸಿಕೊಳ್ಳುವುದು ಆ ಮೂರು ಪುತಳಿಯ ಪುಣ್ಯ.

ಇಷ್ಟು ಗೊತ್ತಿದ್ದ ನಾನು ಏನು ಮಾಡಿದೆ ಎನ್ನುವುದನ್ನೂ ಬರೆಯಬೇಕು. ಬರೆಯದೆ ಬಿಟ್ಟರೆ ಪ್ಲಿನಿಯನ್ನೂ ಕೇಟೊನನ್ನೂ ಬಯ್ಯಲು ನನಗೆ ಮುಖವಿಲ್ಲ.

ಇಪ್ಪತ್ತು ವರ್ಷದ ಹಿಂದಿನ ಮಾತು. ಆಗ ನಾನಿದ್ದದ್ದು ಬೇರೆ ಶಾಲೆ, ಖಾಸಗಿಯದು. ಫೀ ಬಾಕಿಯ ಯಾದಿ ಕ್ಲಾಸ್ ಟೀಚರರ ಕೈಯಲ್ಲಿ. ಹತ್ತನೆಯ ಇಯತ್ತೆಯ ಒಬ್ಬ ಹುಡುಗಿಯ ತಾಯಿ ಬಂದಳು. ಗಂಡ ಹಮಾಲಿ ಮಾಡುವವನು, ಬೆನ್ನು ಹಿಡಿದು ಮಲಗಿದ್ದ. ಎರಡು ತಿಂಗಳು ತಡೆಯಿರಿ ಎಂದು ಕೈ ಮುಗಿದಳು. ಅವಳ ಕಿವಿಯಲ್ಲಿ ಬೆಂಡವಾಲಿ ಹೊಳೆಯುತ್ತಿತ್ತು. ನನ್ನ ಬಾಯಿಂದ ಬಂದೇಬಿಟ್ಟಿತು: "ಕಿವ್ಯಾಗ ಬಂಗಾರ ಇಟಗೊಂಡು ಫೀ ಕೊಡಾಕ ರೊಕ್ಕ ಇಲ್ಲಂತೀರೆಲ್ಲವಾ?" ಸ್ಟಾಫ್ ರೂಮಿನಲ್ಲಿ ಮತ್ತೂ ಇಬ್ಬರಿದ್ದರು, ಇಬ್ಬರೂ ಹೌದೆಂಬಂತೆ ತಲೆ ಹಾಕಿದರು. ಆಕೆ ಏನೂ ಅನ್ನಲಿಲ್ಲ. ಸೆರಗು ಕಿವಿಯ ಮೇಲೆಳೆದುಕೊಂಡು ಹೋದಳು.

ಮೂರನೆಯ ದಿನ ಬಂದು ಫೀ ಪೂರಾ ಕಟ್ಟಿ, ಪಾವತಿ ನನಗೇ ತೋರಿಸಿದಳು. ಕಿವಿಯ ತೂತಿನಲ್ಲಿ ಬೇವಿನ ಕಡ್ಡಿ ಇತ್ತು.

ನಾನು ಸುಳ್ಳು ಹೇಳಿರಲಿಲ್ಲ. ಅವಳ ಹತ್ತಿರ ಬಂಗಾರ ಇತ್ತು, ಫೀ ಕೊಡಬಹುದಾಗಿತ್ತು. ಹುಡುಗಿ ಪರೀಕ್ಷೆಗೂ ಕುಳಿತಳು, ಪಾಸೂ ಆದಳು. ಲೆಕ್ಕದ ಪ್ರಕಾರ ನನ್ನ ಮಾತಿನಿಂದ ಒಳ್ಳೆಯದೇ ಆಯಿತೆಂದು ಎಷ್ಟೋ ಸಲ ನನಗೆ ನಾನೇ ಸಮಜಾಯಿಷಿ ಹೇಳಿಕೊಂಡಿದ್ದೇನೆ. ಆಯಿಯ ಪುತಳಿ ನನ್ನ ಓದಿಗೆ ಹೋದದ್ದಕ್ಕೂ ಈಕೆಯ ಬೆಂಡವಾಲಿ ಮಗಳ ಓದಿಗೆ ಹೋದದ್ದಕ್ಕೂ ತಕ್ಕಡಿಯಲ್ಲಿ ಏನು ವ್ಯತ್ಯಾಸ? ಸರಾಫನಿಗೆ ಎರಡೂ ಇಷ್ಟು ಗ್ರಾಂ, ಇಷ್ಟು ರೂಪಾಯಿ. ಆದರೆ ಆಯಿ ತಾನೇ ದಾರ ಬಿಚ್ಚಿದಳು. ಈಕೆಯ ಕಿವಿಗೆ ನಾನು ಕೈ ಹಾಕಿದೆ. ಯಾವ ಕಷ್ಟಕ್ಕೆಂದು ಅವಳು ಅದನ್ನು ಕಾಯ್ದಿಟ್ಟಿದ್ದಳೋ, ಇದಕ್ಕಿಂತ ದೊಡ್ಡ ಕಷ್ಟ ಮನೆಯಲ್ಲಿ ಯಾವುದಿತ್ತೋ, ಗಂಡನ ಬೆನ್ನಿನ ಔಷಧಕ್ಕೇ ಇರಬಹುದು. ನಾನು ಕೇಳಲೇ ಇಲ್ಲ. ಕಣ್ಣಿಗೆ ಬಂಗಾರ ಬಿತ್ತು, ಬಾಯಿಗೆ ಮಾತು ಬಂತು. ನಮ್ಮ ಮೈಮೇಲಿನ ಬಂಗಾರವನ್ನು ಎಲ್ಲರೂ ನೋಡಬಹುದು, ಅಳೆಯಬಹುದು. ಹಮಾಲನ ಗಂಟಲಲ್ಲಿ ಇಳಿದ ಸೆರೆಯನ್ನಾಗಲಿ, ನಮ್ಮ ಮನೆಯ ಗಂಡಸರು ಪ್ಲಾಟಿಗೆ, ಶೇರಿಗೆ ಹಾಕಿದ ಹಣವನ್ನಾಗಲಿ ಯಾವ ಅಕ್ಕೋರೂ ಅಳೆದದ್ದಿಲ್ಲ. ಇಂದಿಗೂ ವಿದೇಶದಿಂದ ಬಂಗಾರ ತರಿಸುವ ಖರ್ಚು ಹೆಚ್ಚಾಯಿತೆಂದು ಸುದ್ದಿ ಬಂದಾಗ ಜೊತೆಗೆ ಹೆಂಗಸರ ಬಂಗಾರದ ಹುಚ್ಚಿನ ಮಾತು ಬಂದೇ ಬರುತ್ತದೆ. ಹಾಗಂದವರಲ್ಲಿ ನಾನೂ ಒಬ್ಬಳು.

ಬಂಗಾರದ ಆಸೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆಸೆ ಉಂಟು, ಮದುವೆಯ ಹಂದರದಲ್ಲಿ ಒಬ್ಬರ ಕೊರಳನ್ನು ಒಬ್ಬರು ತೂಗುವ ನಮ್ಮ ಕಣ್ಣನ್ನು ನಾನೂ ಬಲ್ಲೆ. ಮಗಳ ಮದುವೆಗೆ ಇಷ್ಟು ತೊಲಿ ಎಂದು ಪಟ್ಟು ಹಿಡಿಯುವ ಅತ್ತೆಯೂ ಹೆಂಗಸೇ. ಆದರೆ ಅವಳನ್ನು ಬಯ್ಯುವ ಧೈರ್ಯ ನನಗೆ ಬಾರದು. ಬಡವಿಯ ಕಿವಿ ಕಂಡಾಗ ಮಾತ್ರ ನಾಲಗೆ ಸಡಿಲಾಯಿತು. ಇದು ನೀತಿಯೋ, ಬರೀ ಸಲೀಸೋ?

ಆ ತಾಯಿಯನ್ನು ಮತ್ತೆ ಕಂಡದ್ದು ಹಲವು ವರ್ಷದ ಮೇಲೆ, ಧಾರವಾಡದ ಜುಬಿಲಿ ಸರ್ಕಲ್ಲಿನಲ್ಲಿ ಬಸ್ಸಿಗೆ ನಿಂತಾಗ. ಅವಳೇ ಗುರುತು ಹಿಡಿದಳು. ಮಗಳು ನರ್ಸ್ ಆಗಿದ್ದಾಳೆ, ಎರಡು ಮಕ್ಕಳು, ಎಂದೆಲ್ಲ ಹೇಳಿದಳು. "ನೀವು ಅವತ್ತ ಗಟ್ಟಿಸಿ ಅಂದಿದ್ದಕ್ಕ ಆತ್ರಿ ಅಕ್ಕೋರ" ಎಂದು ನಕ್ಕಳು. ಸಿಟ್ಟಿನಿಂದ ಅಂದಳೋ ಪ್ರೀತಿಯಿಂದ ಅಂದಳೋ ಮುಖದಿಂದ ತಿಳಿಯಲಿಲ್ಲ. ಕಿವಿಯಲ್ಲಿ ಏನೋ ಹೊಳೆಯುತ್ತಿತ್ತು. ಒತ್ತಿ ಇಟ್ಟದ್ದನ್ನು ಬಿಡಿಸಿಕೊಂಡಿರೇನು ಎಂದು ಕೇಳಬೇಕೆಂದೆ. ಮತ್ತೆ ಅವಳ ಕಿವಿಯನ್ನೇ ನೋಡುತ್ತಿದ್ದೇನಲ್ಲ ಎಂದು ಕಣ್ಣು ಕೆಳಗೆ ಹಾಕಿದೆ. ಅಷ್ಟರಲ್ಲಿ ಅವಳ ಬಸ್ಸು ಬಂತು. ಹತ್ತುವಾಗ ಒಮ್ಮೆ ತಿರುಗಿ, ಬರತೇನ್ರಿ ಎಂದಳು.