ಓಟಕ್ಕೇಕೆ ಬಸ್ಕಿಯ ಹಂಗು?

ಹೊಟ್ಟೆಪಾಡಿಗೂ ಅಲ್ಲದೆ, ಪದಕಕ್ಕೂ ಅಲ್ಲದೆ, ಓಡಬೇಕೆನಿಸಿ ಓಡುವವರು ಈಗ ನಮ್ಮ ಊರುಗಳಲ್ಲಿ ಬಹಳ ಮಂದಿ. ಬೆಂಗಳೂರಿನಲ್ಲಿ 2008ರಿಂದ ನಡೆದುಬಂದಿರುವ 10 ಕಿ.ಮೀ. ಓಟದಲ್ಲಿ ಮುಂದಿನ ಸಾಲಿನ ವೃತ್ತಿಪರರನ್ನು ಬಿಟ್ಟರೆ ಉಳಿದ ಸಾವಿರಾರು ಜನ ಇಂಥವರೇ. ಇವರಿಗೆ ತರಬೇತುದಾರರು ಹೇಳುವ ಮಾತೊಂದಿದೆ: ವಾರಕ್ಕೆರಡು ದಿನ ಭಾರ ಎತ್ತಿ, ಬಸ್ಕಿ ಹೊಡೆಯಿರಿ, ಓಟ ತಾನಾಗಿ ಹಗುರಾಗುತ್ತದೆ. ಈ ಮಾತು ನಿಜವೇ ಎಂಬುದನ್ನು ಶರೀರಶಾಸ್ತ್ರ ತೀರ್ಮಾನಿಸಬೇಕು. ನಿಜವಾದರೆ ಅದರಿಂದ ಆಗಬೇಕಾದ್ದೇನು ಎಂಬುದನ್ನು ಮಾತ್ರ ತತ್ತ್ವಶಾಸ್ತ್ರವೇ ಹೇಳಬೇಕು. ಬಸ್ಸು ಹತ್ತಿ ಹೋಗಬಹುದಾದ ದಾರಿಯನ್ನು ಬೇಕೆಂದೇ ಬೆವರು ಸುರಿಸಿ ಕ್ರಮಿಸುವವರು, ಆ ಬೆವರಿನಲ್ಲೇ ಉಳಿತಾಯ ಮಾಡಹೊರಡುವುದು ವಿಚಿತ್ರವಲ್ಲವೇ? ತನಗಾಗಿಯೇ ಮಾಡುವ ಕೆಲಸದಲ್ಲಿ ದಕ್ಷತೆಗೆ ಬೆಲೆ ಎಲ್ಲಿಂದ ಬರುತ್ತದೆ? ಮಾಡುವವರನ್ನೇ ತಿದ್ದುವ ದಕ್ಷತೆಗೆ ಬೆಲೆಯುಂಟು, ಕೆಲಸವನ್ನು ತಪ್ಪಿಸುವ ದಕ್ಷತೆಗೆ ಇಲ್ಲ ಎಂಬುದು ನನ್ನ ವಾದ. ಈ ಭೇದವನ್ನು ವೇದವಿಧಿಗಳ ಅರ್ಥವನ್ನು ವಿಚಾರಿಸಿದ ನಮ್ಮ ಮೀಮಾಂಸಕರು ಯಜ್ಞದ ವಿಚಾರದಲ್ಲಿ ಎಂದೋ ಸೂಕ್ಷ್ಮವಾಗಿ ಚರ್ಚಿಸಿದ್ದಾರೆ.

ಮೊದಲು ಸಾಕ್ಷ್ಯವನ್ನು ನೋಡೋಣ. ಒಂದೇ ವೇಗದಲ್ಲಿ ಓಡುವ ಇಬ್ಬರಿಗೆ ಬೇಕಾಗುವ ಆಮ್ಲಜನಕ ಒಂದೇ ಅಳತೆಯದಲ್ಲ. ಕಡಿಮೆಯಲ್ಲಿ ಮುಗಿಸುವವರ ಓಟವೇ ಹೆಚ್ಚು ಮಿತವ್ಯಯದ್ದು. 1980ರಲ್ಲಿ ಕಾನ್ಲಿ ಮತ್ತು ಕ್ರಾಹೆನ್‌ಬುಲ್ ಎಂಬ ಸಂಶೋಧಕರು 12 ಮಂದಿ ನುರಿತ ಓಟಗಾರರನ್ನು ಪರೀಕ್ಷಿಸಿದರು. ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯದಲ್ಲಿ ಅವರೆಲ್ಲ ಹೆಚ್ಚುಕಡಿಮೆ ಸಮಾನರು. ಆದರೂ 10 ಕಿ.ಮೀ. ಸ್ಪರ್ಧೆಯಲ್ಲಿ ಅವರ ನಡುವೆ ಅಂತರ ಕಂಡಿತು. ಅದರ ಸುಮಾರು ಮೂರನೇ ಎರಡು ಪಾಲಿಗೆ ಈ ಮಿತವ್ಯಯದಲ್ಲಿನ ವ್ಯತ್ಯಾಸವೇ ವಿವರಣೆಯಾಯಿತು. 2008ರಲ್ಲಿ ನಾರ್ವೆಯ ಸ್ಟೋರೆನ್ ಮತ್ತು ಸಂಗಡಿಗರು 17 ಓಟಗಾರರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಓಟದ ಜೊತೆಗೆ ಭಾರ ಹೊತ್ತ ಅರ್ಧ ಬಸ್ಕಿಯನ್ನು ಕೊಟ್ಟರು: ನಾಲ್ಕು ಸಲಕ್ಕೆ ಶಕ್ತಿ ಮುಗಿಯುವಷ್ಟು ಭಾರ, ಅಂಥ ನಾಲ್ಕು ಸುತ್ತು, ವಾರಕ್ಕೆ ಮೂರು ದಿನ, ಎಂಟು ವಾರ. ಆ ಗುಂಪಿನ ಮಿತವ್ಯಯ ಶೇ. 5ರಷ್ಟು ಸುಧಾರಿಸಿತು. ದೇಹದ ತೂಕ ಏರಲಿಲ್ಲ, ಆಮ್ಲಜನಕದ ಗರಿಷ್ಠ ಸಾಮರ್ಥ್ಯವೂ ಬದಲಾಗಲಿಲ್ಲ. ಇವರು ಪಳಗಿದವರು, ನಮ್ಮಂಥವರ ಮಾತೇನು ಎನ್ನುವವರಿಗೆ 2013ರ ಇನ್ನೊಂದು ಅಧ್ಯಯನವಿದೆ. ಜರ್ಮನಿಯ ಆಲ್ಬ್ರಾಕ್ಟ್ ಮತ್ತು ಅರಂಪಾಟ್ಸಿಸ್ ಹವ್ಯಾಸಿ ಓಟಗಾರರಿಂದ 14 ವಾರ ಮೀನಖಂಡದ ವ್ಯಾಯಾಮ ಮಾಡಿಸಿದಾಗ ಹಿಮ್ಮಡಿಯ ಸ್ನಾಯುರಜ್ಜು ಬಿಗಿಯಾಯಿತು, ಓಟದ ವೆಚ್ಚ ಸುಮಾರು ಶೇ. 4ರಷ್ಟು ಇಳಿಯಿತು. ಪಾದ ನೆಲ ಮುಟ್ಟಿದಾಗ ಈ ರಜ್ಜು ಹಿಗ್ಗುತ್ತದೆ, ನೆಲ ಬಿಡುವಾಗ ಕುಗ್ಗಿ, ಹಿಡಿದಿಟ್ಟ ಶಕ್ತಿಯ ಬಹುಪಾಲನ್ನು ಹಿಂದಿರುಗಿಸುತ್ತದೆ. ಈ ಅಧ್ಯಯನಗಳಲ್ಲಿ ಭಾಗವಹಿಸಿದವರು ಕೆಲವರೇ, ಅವಧಿಯೂ ಕೆಲವೇ ವಾರಗಳದ್ದು ಎಂಬುದು ನಿಜ. ಆದರೆ ಬೇರೆ ಬೇರೆ ದೇಶಗಳ ಪ್ರಯೋಗಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಬೊಟ್ಟು ಮಾಡುತ್ತಿರುವಾಗ ಮಾತನ್ನು ತಳ್ಳಿಹಾಕುವಂತಿಲ್ಲ.

ಮೊದಲ ಆಕ್ಷೇಪ ಲೆಕ್ಕಾಚಾರದ್ದು. ಮೈ ಕರಗಿಸಲೆಂದು ಓಡುವವರಿಗೆ ಮಿತವ್ಯಯ ನಷ್ಟವಲ್ಲವೇ? ಓಟಕ್ಕೆ ಪ್ರತಿ ಕಿಲೋಮೀಟರಿಗೆ, ದೇಹದ ಪ್ರತಿ ಕಿಲೋ ತೂಕಕ್ಕೆ ಸುಮಾರು ಒಂದು ಕಿಲೋಕ್ಯಾಲರಿ ಬೇಕು. 60 ಕಿಲೋ ತೂಗುವವರು 10 ಕಿ.ಮೀ. ಓಡಿದರೆ 600 ಕಿಲೋಕ್ಯಾಲರಿ, ಅದರ ಶೇ. 4 ಎಂದರೆ 24. ಹೆಚ್ಚೆಂದರೆ ಅರ್ಧ ಇಡ್ಲಿ! ಅರ್ಧ ಇಡ್ಲಿಯ ನಷ್ಟಕ್ಕೆ ಅಂಜಿ ಕಾಲಿನ ಬಲವನ್ನು ಬೇಡವೆನ್ನುವವರು ಯಾರೂ ಇರಲಾರರು. ಆದರೆ ಈ ಆಕ್ಷೇಪದ ಬೇರು ಇನ್ನೂ ಆಳದಲ್ಲಿದೆ. ಖರ್ಚಾಗುವ ಶಕ್ತಿಯೇ ಓಟದ ಉದ್ದೇಶವೆಂದು ಅದು ಮೊದಲೇ ಒಪ್ಪಿಕೊಂಡುಬಿಟ್ಟಿದೆ. ಹಾಗಾದರೆ ಕಲ್ಲು ಹೊತ್ತು ಓಡುವುದು, ಕುಂಟುತ್ತಾ ಓಡುವುದು ಇನ್ನೂ ಶ್ರೇಷ್ಠ ಓಟವಾಗಬೇಕಿತ್ತು. ಯಾರೂ ಹಾಗೆ ಓಡುವುದಿಲ್ಲ. ಓಡುವವರಿಗೆ ಬೇಕಾಗಿರುವುದು ಓಟವೇ, ಅದೂ ಚೆನ್ನಾದ ಓಟ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ದಕ್ಷತೆಯೇ ಬೇಕಿದ್ದರೆ ಆಟೊ ಹಿಡಿಯಬಹುದಲ್ಲ. ಕಷ್ಟದ ದಾರಿಯನ್ನು ಬೇಕೆಂದೇ ಆರಿಸಿಕೊಂಡ ಮೇಲೆ ಅದರಲ್ಲಿ ಸುಲಭವನ್ನು ಹುಡುಕುವುದು ಸ್ವವಿರೋಧವಲ್ಲವೇ? ಇಲ್ಲಿ ಮೀಮಾಂಸಕರು ನೆರವಿಗೆ ಬರುತ್ತಾರೆ. ಯಜ್ಞಕ್ಕೆ ಅಕ್ಕಿ ಬೇಕು, ಅದಕ್ಕಾಗಿ ಭತ್ತವನ್ನು ಕುಟ್ಟಬೇಕೆಂದು ವಿಧಿ. ಹೊಟ್ಟು ಬಿಡಿಸಲು ಉಗುರಿನಿಂದ ಸುಲಿಯುವಂಥ ಬೇರೆ ದಾರಿಗಳೂ ಇವೆ. ಹಾಗಿರುವಾಗ ಕುಟ್ಟಿಯೇ ಹೊಟ್ಟು ತೆಗೆಯಬೇಕೆಂಬುದನ್ನು ಅವರು ನಿಯಮವಿಧಿ ಎಂದರು. ಫಲ ಬೇರೆ ದಾರಿಯಿಂದ ಸಿಗಬಹುದಾದರೂ ಈ ದಾರಿಯಿಂದಲೇ ಸಿಗಬೇಕೆಂದು ನಿಯಮ ಕಟ್ಟುಹಾಕುತ್ತದೆ. ಇಷ್ಟಾದರೂ ಕುಟ್ಟುವುದನ್ನು ಆದಷ್ಟು ಕೆಟ್ಟದಾಗಿ ಮಾಡು, ಮುರುಕು ಒನಕೆ ಹಿಡಿ ಎಂದು ಯಾವ ಶಾಸ್ತ್ರವೂ ಹೇಳಲಿಲ್ಲ. 1978ರಲ್ಲಿ ತತ್ತ್ವಶಾಸ್ತ್ರಜ್ಞ ಬರ್ನಾರ್ಡ್ ಸೂಟ್ಸ್ ಆಟದ ಲಕ್ಷಣ ಹೇಳುವಾಗ ಇದರ ಹತ್ತಿರಕ್ಕೇ ಬಂದರು: ಸುಲಭೋಪಾಯವನ್ನು ನಿಷೇಧಿಸುವ ನಿಯಮವನ್ನು, ಆಟ ಸಾಧ್ಯವಾಗಲೆಂದೇ ಆಡುವವರು ಒಪ್ಪಿಕೊಳ್ಳುತ್ತಾರೆ ಎಂಬುದು ಅವರ ನಿಲುವು. ನನ್ನ ಕಾಲಿನಿಂದಲೇ ಈ ದೂರ ಕ್ರಮಿಸುತ್ತೇನೆ ಎಂಬುದು ಓಡುವವರು ಒಪ್ಪಿಕೊಂಡ ನಿಯಮ. ಆಟೊ ಅದನ್ನು ಮುರಿಯುತ್ತದೆ. ಬಲಗೊಂಡ ಕಾಲು ಮುರಿಯುವುದಿಲ್ಲ, ಇನ್ನೂ ಚೆನ್ನಾಗಿ ಪಾಲಿಸುತ್ತದೆ.

ಹಾಗಿದ್ದರೂ ಬಸ್ಕಿ ಓಟವಲ್ಲವಲ್ಲ, ಪ್ರೀತಿಸುವ ಕೆಲಸಕ್ಕಾಗಿ ಪ್ರೀತಿಸದ ಕೆಲಸವನ್ನು ಏಕೆ ಮಾಡಬೇಕು ಎಂದು ಕೇಳಬಹುದು. ಮೀಮಾಂಸೆಯ ಮೂಲಗ್ರಂಥವಾದ ಜೈಮಿನಿಯ ಸೂತ್ರಗಳ ನಾಲ್ಕನೇ ಅಧ್ಯಾಯ ಎತ್ತಿಕೊಳ್ಳುವ ಪ್ರಶ್ನೆ ಇಂಥದ್ದೇ: ಯಾವುದು ಕ್ರತುವಿಗಾಗಿ, ಅಂದರೆ ಯಜ್ಞಕ್ಕಾಗಿ, ಯಾವುದು ಪುರುಷನಿಗಾಗಿ, ಅಂದರೆ ಅದನ್ನು ಮಾಡುವವನಿಗಾಗಿ? ದರ್ಶಪೂರ್ಣಮಾಸವೆಂಬ ಯಾಗದಲ್ಲಿ ಪ್ರಯಾಜವೆಂಬ ಆಹುತಿಗಳು ಬರುತ್ತವೆ. ಅವು ಸ್ವತಂತ್ರವಾಗಿ ಫಲ ಕೊಡುವುದಿಲ್ಲ. ಪ್ರಧಾನ ಯಾಗವನ್ನು ಪೂರ್ಣಗೊಳಿಸುವುದೇ ಅವುಗಳ ಫಲ. ಹಾಗೆಂದು ಅವು ಯಾಗದ ಹೊರಗಿನವಲ್ಲ, ಯಾಗದ ಅಂಗಗಳೇ. ಸಂಗೀತಗಾರರ ಅಲಂಕಾರ ಸಾಧನೆ ಕಛೇರಿಯಲ್ಲಿ ಕೇಳಿಸದಿದ್ದರೂ ಕಛೇರಿಯ ಒಳಗೇ ಇರುವಂತೆ, ಮಂಗಳವಾರ ಹೊಡೆದ ಬಸ್ಕಿ ಭಾನುವಾರದ ಓಟದ ಒಳಗಿರುತ್ತದೆ. ಇದಕ್ಕೊಂದು ಮಿತಿಯೂ ಉಂಟು. ಅಂಗದ ಗುಣಕ್ಕೂ ಪ್ರಧಾನಕ್ಕೂ ವಿರೋಧ ಬಂದಾಗ ಅಂಗವೇ ಸರಿದು ನಿಲ್ಲಬೇಕೆಂಬುದು ಮೀಮಾಂಸೆಯ ನ್ಯಾಯ. ಮಾರನೆಯ ದಿನ ದೂರದ ಓಟವಿದ್ದು, ಭಾರ ಎತ್ತಿದರೆ ತೊಡೆ ಹಿಡಿದುಕೊಳ್ಳುವಂತಿದ್ದರೆ ಬಿಟ್ಟುಕೊಡಬೇಕಾದ್ದು ಬಸ್ಕಿಯನ್ನೇ.

ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ ಬೂಟಿನಿಂದ ಬರುತ್ತದೆ. ಇಂಗಾಲದ ನಾರಿನ ಪಟ್ಟಿ ಮತ್ತು ದಪ್ಪ ಫೋಮ್ ಇರುವ ನೈಕಿಯ ಮಾದರಿ ಬೂಟೊಂದು ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಸರಾಸರಿ ಶೇ. 4ರಷ್ಟು ಉಳಿತಾಯ ತೋರಿಸಿತು. ಮುಂದೆ 2020ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ರಸ್ತೆ ಓಟದ ಬೂಟಿನ ಅಟ್ಟೆ 40 ಮಿ.ಮೀ. ಮೀರಬಾರದೆಂದು ಕಟ್ಟುಹಾಕಬೇಕಾಯಿತು. ವಾರಗಟ್ಟಲೆ ಬಸ್ಕಿ ಹೊಡೆದು ಗಳಿಸುವುದನ್ನು ಅಂಗಡಿಯಲ್ಲಿ ಹತ್ತು ನಿಮಿಷದಲ್ಲಿ ಕೊಳ್ಳಬಹುದಾದರೆ ಎರಡಕ್ಕೂ ಏನು ಅಂತರ? ಬೂಟು ಹಾಕುವುದು ತಪ್ಪೇನಲ್ಲ, ಬರಿಗಾಲೇ ಪುಣ್ಯವೆಂದೂ ಅಲ್ಲ. ಆದರೆ ಫಲ ನೆಲೆನಿಂತಿರುವ ಜಾಗ ಬೇರೆ. ಬೂಟಿನ ಶೇ. 4 ಬೂಟಿನಲ್ಲಿದೆ, ಬಿಚ್ಚಿಟ್ಟರೆ ಬಾಗಿಲ ಬಳಿಯೇ ಉಳಿಯುತ್ತದೆ. ಬಸ್ಕಿಯದು ರಜ್ಜುವಿನಲ್ಲಿ, ನರದಲ್ಲಿ, ಮಾಡಿದವರ ಮೈಯಲ್ಲಿದೆ. ವ್ಯಾಯಾಮ ಬಿಟ್ಟರೆ ಅದೂ ಕುಗ್ಗುತ್ತದಲ್ಲ ಎಂದರೆ, ಹೌದು, ವಿದ್ಯೆಯೂ ಹಾಗೆಯೇ. ಅಭ್ಯಾಸ ತಪ್ಪಿದರೆ ಮಾಸುತ್ತದೆಂದ ಮಾತ್ರಕ್ಕೆ ವಿದ್ಯೆಯನ್ನು ಎರವಲು ಎನ್ನುವುದಿಲ್ಲ.

ಇಷ್ಟೊಂದು ಶೇಕಡಾ ಲೆಕ್ಕ ಫಲಾಸಕ್ತಿಯಲ್ಲವೇ ಎಂದು ಗೀತೆಯನ್ನು ಓದಿದವರು ಕೇಳಿಯಾರು. ಕರ್ಮದಲ್ಲಿನ ಕೌಶಲವನ್ನೇ ಯೋಗವೆಂದ ಗ್ರಂಥವೂ ಅದೇ ಅಲ್ಲವೇ? ಫಲಕ್ಕೆ ಅಂಟಿಕೊಳ್ಳಬೇಡ ಎಂಬುದಕ್ಕೆ ಕೆಲಸವನ್ನು ಹೇಗೆ ಬೇಕಾದರೂ ಮಾಡು ಎಂಬ ಅರ್ಥವಿಲ್ಲ. ಗಡಿಯಾರದ ಅಂಕಿ ಕೆಟ್ಟ ದಿನ ಓಟವೇ ಕೆಟ್ಟಿತು ಎನ್ನುವವರು ಫಲಕ್ಕೆ ಸಿಕ್ಕಿಬಿದ್ದವರು. ಅಂಕಿ ಹೇಗಿದ್ದರೂ ಮುಂದಿನ ಹೆಜ್ಜೆಯನ್ನು ಸರಿಯಾಗಿ ಇಡಲು ಮೈಯನ್ನು ಅಣಿಗೊಳಿಸುವವರು ಕೌಶಲದ ಹಾದಿಯಲ್ಲಿರುವವರು.

ಕೊನೆಯದಾಗಿ, ಮೀಮಾಂಸಕರ ಮೊಸರಿನ ನ್ಯಾಯವನ್ನೂ ಇಲ್ಲಿ ನೆನೆಯಬೇಕು. ಅಗ್ನಿಹೋತ್ರದಲ್ಲಿ ಮೊಸರಿನಿಂದ ಹೋಮ ಮಾಡಬೇಕೆಂದು ಒಂದು ವಾಕ್ಯ, ಇಂದ್ರಿಯಬಲ ಬಯಸುವವನು ಮೊಸರಿನಿಂದ ಹೋಮ ಮಾಡಬೇಕೆಂದು ಇನ್ನೊಂದು. ಸಂಬಂಧ ಬೇರೆಯಾದ್ದರಿಂದ ಒಂದೇ ಮೊಸರು ಕ್ರತುವಿಗೂ ಸಲ್ಲುತ್ತದೆ, ಪುರುಷನಿಗೂ ಸಲ್ಲುತ್ತದೆ. ಬಸ್ಕಿಯೂ ಹೀಗೆ ಎರಡು ಕಡೆ ಸಲ್ಲುವಂಥದ್ದು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಯಸ್ಕರೆಲ್ಲರೂ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ ಮಾಡಬೇಕೆಂದಿದೆ. ಅಲ್ಲಿ ಓಟದ ಷರತ್ತಿಲ್ಲ. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಮೂಳೆ ಸವೆಯುತ್ತದೆ. ಒಬ್ಬರ ನೆರವಿಲ್ಲದೆ ಕುರ್ಚಿಯಿಂದೇಳುವುದಕ್ಕೂ ತೊಡೆಯಲ್ಲಿ ಬಲ ಬೇಕು. ಆದ್ದರಿಂದ ಓಡುವವರು ವಾರದಲ್ಲಿ ಎರಡು ದಿನವನ್ನು ಬಸ್ಕಿಗೆ ಕೊಡಲಿ. ಉಳಿದ ದಿನಗಳ ಓಟಕ್ಕೆ ಅದು ಅಂಗ, ಓಟ ನಿಂತ ಮೇಲಿನ ಬದುಕಿಗೆ ಅದೇ ಪ್ರಧಾನ.