ನಿದಾನವೂ ನಿಧಾನವೂ

ದೋಷದ ಸದ್ದನ್ನು ಅಡಗಿಸುವುದು ಬೇರೆ, ದೋಷವನ್ನು ಕಳೆಯುವುದು ಬೇರೆ. ಈ ಭೇದವನ್ನು ಮರೆತು ನಡೆಯುವವರೇ ಲೋಕದಲ್ಲಿ ಬಹುಮಂದಿ. ಇಂದಿನ ಸಂಸಾರಿಗಳಿಗೆ ನಿತ್ಯಪರಿಚಿತವಾದ ಮೋಟಾರು ಗಾಡಿಯೇ ಇದಕ್ಕೆ ತಕ್ಕ ದೃಷ್ಟಾಂತವು.

ಬೆಳಗಾವಿಯ ರಾಮತೀರ್ಥ ನಗರದ ಗೃಹಸ್ಥನೊಬ್ಬನು ಹೆಂಡಿರುಮಕ್ಕಳೊಡನೆ ಗೋವೆಗೆ ಹೋಗಿ ಹಿಂದಿರುಗುತ್ತಿರುವನೆಂದು ಭಾವಿಸೋಣ. ಚೋರ್ಲಾ ಘಾಟಿನ ಏರನ್ನು ಹತ್ತಿ ಖಾನಾಪುರ ತಾಲೂಕಿನ ಕಣಕುಂಬಿಯನ್ನು ಸೇರುವಷ್ಟರಲ್ಲಿ ಎಂಜಿನ್ನಿನೊಳಗೆ ಯಾರೋ ಬಡಿದಂತೆ ಸದ್ದು ಕೇಳಿಸುವುದು. ಹಾಡಿನ ಧ್ವನಿಯನ್ನು ಏರಿಸಿ ಅದನ್ನು ಮರೆಯುವುದೊಂದು ದಾರಿ. ಕಾರಣವನ್ನು ಹುಡುಕುವುದು ಇನ್ನೊಂದು.

ರೋಗವನ್ನರಿಯಲು ಆಯುರ್ವೇದವು ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂಬ ಐದು ಸಾಧನಗಳನ್ನು ಹೇಳಿದೆ. ಬಲ್ಲ ಮಿಸ್ತ್ರಿಯ ಕ್ರಮವೂ ಇದೇ. ಮೊದಲು ಅವನು ಸದ್ದಿನ ರೂಪವನ್ನು ಕೇಳುವನು. ಏರಿನಲ್ಲಿ ಮಾತ್ರ ಗಿಣಿಗಿಣಿ ಎಂದರೆ, ಕಿಡಿಯಿಂದ ಹಬ್ಬಿಬರುವ ಉರಿ ಮುಟ್ಟುವ ಮೊದಲೇ ಉಳಿದ ಪೆಟ್ರೋಲು ತಾನಾಗಿ ಹೊತ್ತಿಕೊಳ್ಳುತ್ತಿರಬಹುದು. ಹಗುರ ಪೆಟ್ರೋಲು, ಒಳಗೆ ಕಟ್ಟಿದ ಮಸಿ, ಹೊತ್ತಿಗೆ ಮುಂಚೆ ಹಾರುವ ಕಿಡಿ ಇದಕ್ಕೆ ಕಾರಣಗಳು. ಮುಂಜಾನೆಯ ಚಳಿಯಲ್ಲಿ ಬಡಿದು ಕಾದಮೇಲೆ ಅಡಗಿದರೆ ಸವೆದ ಪಿಸ್ಟನ್ನನ್ನು ಶಂಕಿಸಬೇಕು. ಮೇಲ್ಭಾಗದ ಲಘುವಾದ ಟಿಕಟಿಕ ವಾಲ್ವುಗಳ ಕಡೆಯದು. ತಳದಿಂದ ಬರುವ ಗಂಭೀರವಾದ ಬಡಿತವು ಭಾರ ಬಿದ್ದಂತೆಲ್ಲ ಹೆಚ್ಚಿದರೆ ಅದು ಸವೆದ ಬೇರಿಂಗಿನ ಕೂಗು. ಅದನ್ನು ಕೇಳಿಯೂ ಓಡಿಸಿದರೆ ಎಂಜಿನ್ನೇ ಒಡೆಯಬಹುದು. ಸ್ಥಾನವನ್ನು ಗುರುತಿಸಲು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಹಚ್ಚುವರು. ಒಂದೊಂದೇ ಸಿಲಿಂಡರಿನ ಕಿಡಿಯನ್ನು ಕ್ಷಣಕಾಲ ತಡೆದು, ಯಾವುದನ್ನು ತಡೆದಾಗ ಬಡಿತ ತಗ್ಗುವುದೆಂದು ನೋಡುವರು. ಇದೇ ಉಪಶಯದ ಪರೀಕ್ಷೆ.

ಹೀಗೆ ನಿದಾನಕ್ಕೆ ನಿಧಾನವು ಬೇಕು. ಆದರೆ ಲೋಭಕ್ಕೆ ನಿಧಾನವೆಲ್ಲಿಯದು? ಸವೆದ ಎಂಜಿನ್ನಿಗೆ ದಪ್ಪನೆಯ ಎಣ್ಣೆ ಸುರಿದರೆ ಬೇರಿಂಗಿನ ಬಡಿತ ಕೆಲಕಾಲ ಕುಗ್ಗುವುದು. ಅಷ್ಟರೊಳಗೆ ಗಾಡಿಯನ್ನು ಮಾರಿಬಿಡುವವರುಂಟು. ಇಲ್ಲಿ ಸದ್ದು ಅಡಗಿತು, ದೋಷ ಉಳಿಯಿತು, ಅದರ ಫಲ ಮಾತ್ರ ಅರಿಯದ ಕೊಳ್ಳುವವನ ಪಾಲಾಯಿತು.

ಇದು ಸಣ್ಣ ವ್ಯಾಪಾರದ ಮಾತಷ್ಟೇ ಅಲ್ಲ. 1921ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಪ್ರಯೋಗಶಾಲೆಯ ಥಾಮಸ್ ಮಿಡ್ಗ್ಲಿ ಎಂಬಾತನು, ಸೀಸದ ಸಂಯುಕ್ತವೊಂದನ್ನು ಪೆಟ್ರೋಲಿಗೆ ಬೆರೆಸಿದರೆ ಎಂಜಿನ್ನಿನ ಬಡಿತ ನಿಲ್ಲುವುದೆಂದು ಕಂಡುಹಿಡಿದನು. ಮದ್ಯಸಾರವೂ ಆ ಕೆಲಸವನ್ನು ಮಾಡಬಲ್ಲುದೆಂಬುದು ಆಗಲೇ ತಿಳಿದಿತ್ತು. ಸೀಸವು ವಿಷವೆಂಬುದೂ ತಿಳಿದಿತ್ತು. ಆದರೂ ಸೀಸವೇ ಜಗತ್ತನ್ನೆಲ್ಲ ಹಬ್ಬಿತು. ಎಂಜಿನ್ನು ಶಾಂತವಾಯಿತು, ಬೀದಿಯ ಹೊಗೆಯಲ್ಲಿ ಸೀಸವು ಸೇರಿ ಮಕ್ಕಳ ರಕ್ತವನ್ನು ಹೊಕ್ಕು ಬುದ್ಧಿಯನ್ನು ಕುಂದಿಸಿತು. ಭಾರತದಲ್ಲಿ ಅದು ನಿಂತದ್ದು 2000ದಲ್ಲಿ. ಕಟ್ಟಕಡೆಗೆ ಆಲ್ಜೀರಿಯದಲ್ಲಿ 2021ರಲ್ಲಿ. ಬಡಿತದ ನಿದಾನವೇನೋ ಸರಿಯಾಗಿತ್ತು. ಆದರೆ ಆ ಮೌನದ ಬೆಲೆಯನ್ನು ತೆರುವವರಾರೆಂಬ ಪ್ರಶ್ನೆಗೆ ಕಿವಿಗೊಡಲಿಲ್ಲ.

ಆದುದರಿಂದ ದೋಷಪರೀಕ್ಷೆಯು ಕೇವಲ ಕೈಚಳಕವಲ್ಲ, ಅದು ಕಾಯಕ. ಕಾರಣ ತಿಳಿಯದಿರುವಾಗ “ಇನ್ನೂ ತಿಳಿದಿಲ್ಲ” ಎನ್ನುವ ಮಿಸ್ತ್ರಿಯು, ಊಹೆಯಿಂದ ನಾಲ್ಕು ಬಿಡಿಭಾಗಗಳನ್ನು ಬದಲಿಸಿ ಹಣ ಪಡೆಯುವವನಿಗಿಂತ ಹಿರಿಯನು. ಗೃಹಸ್ಥನೂ ಎಣ್ಣೆ ಬದಲಿಸಿದುದು ಎಂದೆಂಬುದನ್ನು ಮರೆಮಾಚದೆ ಹೇಳಬೇಕು. ಅಪಥ್ಯವನ್ನು ಮುಚ್ಚಿಟ್ಟ ರೋಗಿಗೆ ವೈದ್ಯನೇನು ಮಾಡಿಯಾನು?

ಮನೆಯಲ್ಲಾಗಲಿ ಮನಸ್ಸಿನಲ್ಲಾಗಲಿ ಬಡಿತ ಕೇಳಿದಾಗಲೂ ಇದೇ ನೀತಿ. ತಪ್ಪನ್ನು ಎತ್ತಿ ಹೇಳುವ ಮಗನನ್ನೋ ಸೊಸೆಯನ್ನೋ ಗದರಿಸಿದರೆ ಮನೆ ಸದ್ದಿಲ್ಲದಂತಾದೀತು, ನೆಟ್ಟಗಾಗದು. ಅರಿವುಳ್ಳವರು ಮೊದಲು ಕಿವಿಗೊಡುವರು, ಕಾರಣವನ್ನು ಅರಸುವರು, ಬಳಿಕ ತಿದ್ದುವರು. ಅರಿತುದನ್ನು ಹೀಗೆ ನಡೆಗೆ ತರುವುದೇ ಆಚಾರವು.